ಬೋರಲು ಹಾಕಿದ ಹಲಗೆ

ಮೀನಿನ ರೆಕ್ಕೆಯಂಥ ಫಿನ್ನಿನ ಬುಡದಲ್ಲಿ, ಸ್ಕ್ರೂ ಕೂರುವ ತೂತಿನ ಪಕ್ಕ, ಒಂದು ಇಂಚಿಗೂ ಕಡಿಮೆ ಉದ್ದದ ಹಸಿರು ನೈಲಾನ್ ದಾರ ಸಿಕ್ಕಿಕೊಂಡಿದೆ. ಚಿಮುಟದಿಂದ ಎಳೆದರೆ ಬರುತ್ತದೆ. ನಾನು ಎಳೆದಿಲ್ಲ.

ಕಳೆದ ವಾರ ಈ ಫಿನ್ ಇದ್ದ ಚೀಲವನ್ನು ಬೀರುವಿನಿಂದ ತೆಗೆದಾಗ ಮೊದಲು ಬಂದದ್ದು ವಾಸನೆ: ರಬ್ಬರು, ಒಣಗಿದ ಕೆಸರು, ಅವೆರಡರ ಒಳಗೆ ಸ್ವಲ್ಪ ಮೀನು. ತೆಗೆಯಲು ಕಾರಣ ಒಂದು ಫೋನು. ಹಿಂದೆ ನಾನು ಮಾಡುತ್ತಿದ್ದ ಕೆಲಸಕ್ಕೆ ಈ ವರ್ಷ ಸೇರಿದ ಹುಡುಗಿ ಎರಡು ಪ್ರಶ್ನೆ ಕೇಳಿದಳು. ಹಲಗೆಗೆ ಯಾವ ಫಿನ್ ಹಾಕಬೇಕು? ಹಳೆಯ ಕೋಷ್ಟಕದಲ್ಲಿ, ಫೆಬ್ರವರಿಯ ಸಾಲಿನಲ್ಲಿ, ಆರು, ಏಳು, ಎಂಟನೆಯ ಬಿಂದುಗಳ ಮನೆಗಳು ಯಾಕೆ ಖಾಲಿ ಇವೆ? ಮೊದಲನೆಯದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಕೊಟ್ಟೆ. ಎರಡನೆಯದಕ್ಕೆ ಅವಳೇ ಒಂದು ಕಾರಣ ಸೂಚಿಸಿದಳು: "ಅವತ್ತು ಗಾಳಿ ಇತ್ತಾ, ಮೇಡಂ?"

"ಹಿಂದಿನ ದಿನ ಇತ್ತು," ಎಂದೆ.

ಹೇಳಿದ್ದು ನಿಜ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ.

ಆ ವರ್ಷ ನಾನು ಎಂ.ಎಸ್ಸಿ. ಮುಗಿಸಿದ್ದೆ. ತುಂಗಭದ್ರೆಯ ಹಿನ್ನೀರನ್ನು ತಿಂಗಳು ತಿಂಗಳು ಅಳೆಯುವ ಯೋಜನೆಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ನೀರು ತುಂಬಿ ನಿಂತ ತಿಂಗಳಿಂದ ಇಳಿದುಹೋಗುವ ತಿಂಗಳವರೆಗೆ. ತಂಬ್ರಹಳ್ಳಿ ಕಡೆಯ ದಂಡೆಯಿಂದ ಎಂಟು ಬಿಂದುಗಳನ್ನು ಗುರುತಿಸಿದ್ದರು. ಪ್ರತಿ ತಿಂಗಳ ಮೊದಲ ಏಳು ದಿನಗಳ ಒಳಗೆ, ಎರಡು ಬೆಳಗಿನಲ್ಲಿ ಎಂಟನ್ನೂ ಮುಗಿಸಬೇಕು: ಮೊದಲ ದಿನ ಐದು, ಮರುದಿನ ಮೂರು. ಆಳ, ಉಷ್ಣತೆ, ಕರಗಿದ ಆಮ್ಲಜನಕ, ಒಂದು ಬಾಟಲಿ ನೀರು. ಅದೇ ಜಾಗ, ಅದೇ ಹೊತ್ತು. ಸರಣಿ ಎಲ್ಲೂ ಮುರಿಯದೆ ಆರು ತಿಂಗಳು ಸಿಕ್ಕರೆ ಅದರ ಮೇಲೆ ನೀನು ಪಿಎಚ್.ಡಿ. ಪ್ರಸ್ತಾವ ಬರೆಯಬಹುದು ಎಂದು ಗೈಡ್ ಹೇಳಿದ್ದರು. ಮುರಿದರೆ ಮತ್ತೊಂದು ವರ್ಷ ಕಾಯಬೇಕು, ಮತ್ತು ಆ ವರ್ಷ ಅದನ್ನು ನನಗೇ ಕೊಡುತ್ತಾರೆಂದು ಹೇಳುವಂತಿರಲಿಲ್ಲ. ನನಗೆ ಆಗ ಬೇಕಾಗಿದ್ದ ಸಂಗತಿಗಳು ಹೆಚ್ಚಿರಲಿಲ್ಲ. ಇದು ಬೇಕಾಗಿತ್ತು.

ಮೋಟಾರು ದೋಣಿ ತಳದ ಕೆಸರನ್ನು ಕದಡುತ್ತದೆ. ಮೀನುಗಾರರ ದುಂಡನೆಯ ತೆಪ್ಪ ನಿಂತಲ್ಲೇ ತಿರುಗುತ್ತದೆ, ನಡೆಸಲು ಇನ್ನೊಬ್ಬರು ಬೇಕು. ಹಾಗಾಗಿ ಗಾಳಿ ತುಂಬಿಸುವ ಹಲಗೆಯೊಂದನ್ನು ಕಳಿಸಿದ್ದರು. ಸಮುದ್ರದ ಕಡೆ ಜನ ಅದರ ಮೇಲೆ ನಿಂತು, ಉದ್ದನೆಯ ಹುಟ್ಟಿನಿಂದ ನೀರು ಎಳೆಯುತ್ತ ಅಲೆಯ ಮೇಲೆ ಆಡುತ್ತಾರೆ. ಗಾಳಿ ಬಿಟ್ಟು ಮಡಚಿದರೆ ಬೆನ್ನಿಗೆ ಹಾಕಿಕೊಳ್ಳುವಷ್ಟಾಗುತ್ತದೆ. ನಮ್ಮ ಮನೆ ಇರುವುದು ಬರದ ಸೀಮೆಯ ಕೂಡ್ಲಿಗಿಯಲ್ಲಿ. ಆರು ತಿಂಗಳಿಗೆಂದು ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಹಲಗೆಯ ಚೀಲ ಹೊತ್ತು ಬಸ್ಸು ಹತ್ತಿದೆ.

"ಏನ್ರಿ ಇದು, ಬಯಲಾಟದ ಸಾಮಾನೇನು?" ಎಂದರು ಕಂಡಕ್ಟರ್.

"ಹಲಗಿ ರೀ. ನೀರಿನ ಮ್ಯಾಲೆ ಹೋಗೋದು."

"ಕೂಡ್ಲಿಗ್ಯಾಗ?"

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ತಿರುಗಿದೆ.

ಹಲಗೆಯ ಹೊಟ್ಟೆಯ ಮೇಲೆ, ಬಾಲದ ಕಡೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ಫಿನ್ನುಗಳು ಅಂಟಿಕೊಂಡೇ ಇದ್ದವು. ಅವೆರಡರ ನಡುವೆ ಉದ್ದನೆಯ ಸೀಳು. ಅದಕ್ಕೆ ಕೂರಿಸಲು ಒಂಬತ್ತು ಇಂಚಿನ ನಡುಫಿನ್ ಬೇರೆಯಾಗಿ ಬಂದಿತ್ತು: ಕಪ್ಪು, ಗಡಸು, ನೇರವಾಗಿ ಕೆಳಗಿಳಿಯುವಂಥದ್ದು. ಅದಿದ್ದರೆ ಹಲಗೆ ಗೆರೆ ಎಳೆದಂತೆ ಹೋಗುತ್ತದೆ, ಅಡ್ಡಗಾಳಿಗೆ ಜಗ್ಗುವುದಿಲ್ಲ. ತೆಗೆದರೆ ಎರಡು ಸಲ ಹುಟ್ಟು ಹಾಕುವಷ್ಟರಲ್ಲಿ ಮೂತಿ ತಿರುಗುತ್ತದೆ. ಸೀಳಿನಲ್ಲಿ ಹಿಂದಕ್ಕೆ ಸರಿಸಿ ಸ್ಕ್ರೂ ಬಿಗಿದರೆ ಇನ್ನೂ ನೇರ, ಮುಂದಕ್ಕೆ ತಂದರೆ ತಿರುಗಿಸಲು ಸುಲಭ. ತೆರೆದ ನೀರು ಮತ್ತು ಗಾಳಿಗೆ ದೊಡ್ಡ ಫಿನ್ನೇ ಸರಿ ಎಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಬರೆದಿತ್ತು. ಹಿನ್ನೀರು ತೆರೆದ ನೀರೇ, ಗಾಳಿಯೂ ಇತ್ತು. ನೀರಿನ ಕೆಳಗೆ ಮುಳುಗಿ ನಿಂತ ಬಳ್ಳಾರಿ ಜಾಲಿಯ ಬಗ್ಗೆ, ಬಲೆಗಳ ಬಗ್ಗೆ, ಪುಸ್ತಿಕೆ ಏನೂ ಹೇಳಿರಲಿಲ್ಲ.

ಸೆಪ್ಟೆಂಬರಿನ ಎರಡನೆಯ ಬೆಳಿಗ್ಗೆ, ಏಳನೆಯ ಬಿಂದುವಿಗೆ ಹೋಗುವಾಗ ಹಲಗೆ ಇದ್ದಕ್ಕಿದ್ದಂತೆ ನಿಂತಿತು. ನಾನು ನಿಲ್ಲಲಿಲ್ಲ. ಲೈಫ್ ಜಾಕೆಟ್ ಇತ್ತು, ಈಜು ಬರುತ್ತಿತ್ತು, ಆದರೂ ಕಾಲಿಗೆ ದಾರ ತಾಕಿದಾಗ ಒದೆಯತೊಡಗಿದೆ.

"ಯವ್ವಾ! ಬಲ್ಯಾಗ ಬಿದ್ದಿ. ಕಾಲು ಬಡೀಬ್ಯಾಡ, ಸುಮ್ನ ತೇಲು!"

ತೆಪ್ಪವೊಂದು ಹತ್ತಿರ ಬಂತು. ಒಳಗೆ ಕೂತಿದ್ದವರು ನಲವತ್ತೈದರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ಗಂಡಸರ ಅಂಗಿ. ಹೆಸರು ಹುಲಿಗೆಮ್ಮ ಎಂದು ಆಮೇಲೆ ತಿಳಿಯಿತು. ಒಂದು ಕೈಯಲ್ಲಿ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಹಲಗೆಯ ಬಾಲ ಎತ್ತಿ ನೋಡಿದರು.

"ಇದರ ಹೊಟ್ಟಿ ಕೆಳಗ ಕುಡುಗೋಲು ಕಟ್ಯಾರಲ್ಲ! ನೀರು ಕೊಯ್ಯಾಕ ಬಂದಿಯೇನವ್ವ?"

ಬಲೆ ಒಂದು ಮಾರು ಅಗಲ ಹರಿದಿತ್ತು. ಹಸಿರು ನೈಲಾನ್ ಬಲೆ. ಮೇಲಿನ ಹಗ್ಗಕ್ಕೆ ತೇಲಲೆಂದು ಹವಾಯಿ ಚಪ್ಪಲಿಯ ತುಂಡುಗಳನ್ನು ಕಟ್ಟಿದ್ದರು, ಎಲ್ಲವೂ ನೀಲಿ. ಒಂದೊಂದು ಮನೆಯವರದು ಒಂದೊಂದು ಬಣ್ಣ, ನೀಲಿ ಹುಲಿಗೆಮ್ಮನವರದು. ನಾನು ಹೊಸ ಬಲೆ ತರಿಸಿಕೊಡುತ್ತೇನೆ ಎಂದೆ.

"ಹೊಸಾದು ಯಾರು ಕೇಳ್ಯಾರ? ಇಲ್ಲಿ ಹರದವರು ಹೆಣೀಬೇಕು. ಹೆಣದು ಮುಗಿಯೋತನಾ ಅವರ ತೆಪ್ಪ ದಂಡಿ ಮ್ಯಾಲ ಬೋರ್ಲ."

ಅದು ಅಲ್ಲಿನ ಕ್ರಮ. ಬೇಕೆಂದು ಹರಿದದ್ದೋ ತಿಳಿಯದೆ ಹರಿದದ್ದೋ ಎಂದು ಯಾರೂ ವಿಚಾರಿಸುವುದಿಲ್ಲ. ಬಲೆಯವರ ಮರದ ಕೆಳಗೆ, ಎಲ್ಲರಿಗೂ ಕಾಣುವಂತೆ ಕೂತು ಹೆಣೆಯಬೇಕು. ಮತ್ತೊಬ್ಬರು ಕೈ ಹಾಕುವಂತಿಲ್ಲ. ಬೋರಲು ಬಿದ್ದ ತೆಪ್ಪ ನೋಡಿದರೆ ದಂಡೆಗೆ ಬಂದವರಿಗೆಲ್ಲ ವಿಷಯ ತಿಳಿಯುತ್ತದೆ, ಬಾಯಿ ಬಿಡುವ ಅಗತ್ಯ ಯಾರಿಗೂ ಇಲ್ಲ. ನನಗೆ ತೆಪ್ಪವಿರಲಿಲ್ಲ. ನಾನು ಸುಮ್ಮನೆ ನಿಂತಿದ್ದಾಗ ಹುಲಿಗೆಮ್ಮನವರ ಮೈದುನ ಹನುಮಂತಣ್ಣ ಬೀಡಿ ತುಟಿಯಲ್ಲೇ ಇಟ್ಟುಕೊಂಡು ಹೇಳಿದರು:

"ಹಲಗಿ ಬೋರ್ಲ ಹಾಕ್ರಿ ಮೇಡಮ್ಮಾರ. ಓದಿದವರಿಗೆ ಬ್ಯಾರೆ ಕಾನೂನು ಐತೇನು?"

ಹಾಕಿದೆ. ಫಿನ್ ಆಕಾಶಕ್ಕೆ ಮುಖ ಮಾಡಿ ನಿಂತಿತು.

ಬಲೆಯ ಕಣ್ಣಿನ ಅಳತೆ ಎರಡು ಬೆರಳು. ಅಗಲವಾದ ಪ್ಲಾಸ್ಟಿಕ್ ಸೂಜಿಗೆ ದಾರ ಸುತ್ತಿಕೊಂಡು, ಬೆರಳ ಮೇಲೆ ಅಳೆದು, ಮೇಲಿನ ಕಣ್ಣಿಗೆ ತೂರಿಸಿ, ಹೆಬ್ಬೆರಳಲ್ಲಿ ಒತ್ತಿಹಿಡಿದು ಗಂಟು ಹಾಕಬೇಕು. ಮೊದಲ ದಿನ ನಾನು ಹಾಕಿದ ಗಂಟುಗಳನ್ನು ಹುಲಿಗೆಮ್ಮ ಸಂಜೆ ಬಂದು ಒಂದು ಬೆರಳಲ್ಲಿ ಜಾರಿಸಿ ಬಿಚ್ಚಿದರು.

"ಇದು ಗಂಟಲ್ಲವ್ವ, ಸೀರಿ ನಿರಿಗಿ."

ಅವರು ಕೈ ಹಾಕಲಿಲ್ಲ. ಬಾಯಲ್ಲೇ ಕಲಿಸಿದರು. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಆ ಬಲೆ ನೀರಿಗಿಳಿಯಲಿಲ್ಲ, ಅವರ ಮನೆಗೆ ಬರಬೇಕಾಗಿದ್ದ ಜಿಲೇಬಿ ಮೀನು ಯಾರ ಮನೆಗೋ ಹೋಯಿತು. ಅದನ್ನು ಅವರು ಒಮ್ಮೆ ಮಾತ್ರ ಹೇಳಿದರು. ತಿಂಗಳ ಏಳನೆಯ ದಿನ, ಅಂದರೆ ಕೊನೆಯ ದಿನ, ನಾನು ಏಳು ಮತ್ತು ಎಂಟನೆಯ ಬಿಂದುಗಳನ್ನು ಮುಗಿಸಿದೆ. ಆ ದಿನ ಮುಂದೆ ಯಾರ ಬಲೆಯೂ ಸಿಗದಿರಲೆಂದು ನಡುಫಿನ್ ಬಿಚ್ಚಿಯೇ ಹೋಗಿದ್ದೆ. ಹಲಗೆ ತೆಪ್ಪಕ್ಕಿಂತ ಹೆಚ್ಚು ತಿರುಗಿತು. ದಂಡೆಯಲ್ಲಿದ್ದವರಿಗೆ ಒಳ್ಳೆಯ ಮನರಂಜನೆಯಾಯಿತು ಎಂದು ಕೇಳಿದ್ದೇನೆ.

ನನ್ನ ಕೋಣೆಯ ಕೆಳಗೆ ಖಾಜಾಸಾಬರ ಅಂಗಡಿ. ಬೋರ್‌ವೆಲ್ ಮೋಟಾರು ಬಿಚ್ಚಿ, ವೈಂಡಿಂಗ್ ಮಾಡಿ, ಪಂಪು ಜೋಡಿಸಿ ಕೊಡುತ್ತಿದ್ದರು. ಅರವತ್ತು ದಾಟಿದ್ದರು. ಒಂದು ಸಂಜೆ ಫಿನ್ ತೆಗೆದುಕೊಂಡು ಹೋಗಿ, ಹಲಗೆ ಹೇಗೆ ನೀರಿನಲ್ಲಿ ಹೋಗುತ್ತದೆ, ಗಾಳಿ ಬಂದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ಕಾಗದ ಪಕ್ಕಕ್ಕಿಟ್ಟರು.

"ಹಲಗಿ ಸುದ್ದಿ ಆಮ್ಯಾಲ ಬೇಟಿ. ಬಲಿ ಹ್ಯಾಂಗ ಹಾಕ್ತಾರ, ಅದನ್ನ ಹೇಳ್ರಿ ಮೊದಲು. ಹಗ್ಗ ನೀರಿಂದ ಎಷ್ಟು ಕೆಳಗ ಇರತೈತಿ?"

ನನಗೆ ಗೊತ್ತಿರಲಿಲ್ಲ. ಮರುದಿನ ಹೋಗಿ ಅಳೆದು ಬಂದೆ. ಚಪ್ಪಲಿಗಳ ನಡುವೆ ಹಗ್ಗ ಜೋತುಬೀಳುವ ಜಾಗದಲ್ಲಿ ಒಂದು ಗೇಣು, ಚಪ್ಪಲಿಯ ಹತ್ತಿರ ನಾಲ್ಕು ಬೆರಳು.

"ಹಂಗಾದ್ರ ನಿಮ್ಮ ಕುಡುಗೋಲು ಹಗ್ಗಕ್ಕ ಎದಿ ಕೊಟ್ಟು ನಿಂದ್ರತೈತಿ. ನಿಂದ್ರಬಾರದು. ಬಗ್ಗಿ ಹೋಗಬೇಕು," ಎಂದರು. ಆ ಹೆಸರು ಅಷ್ಟರಲ್ಲಿ ಅಲ್ಲಿಗೂ ಬಂದಿತ್ತು, ನಾನೇ ಹೇಳಿದ್ದೆನೋ ಏನೋ.

ಅವರು ಮದುವೆ ಕಾರ್ಡಿನ ರಟ್ಟಿನಲ್ಲಿ ಮಾದರಿ ಕತ್ತರಿಸಿದರು. ಬೋರಿಗೆ ಇಳಿಸುವ ಪ್ಲಾಸ್ಟಿಕ್ ಕೇಸಿಂಗ್ ಪೈಪಿನ ತುಂಡೊಂದನ್ನು ಸೀಳಿ, ಬೆಂಕಿಯ ಮೇಲೆ ಹಿಡಿದು, ಮೆತ್ತಗಾದ ಮೇಲೆ ಎರಡು ಮರದ ಹಲಗೆಗಳ ನಡುವೆ ಇಟ್ಟು ಮೇಲೊಂದು ಕೆಟ್ಟ ಮೋಟಾರು ಹೇರಿದರು. ತಣಿದಾಗ ಚಪ್ಪಟೆಯಾಗಿತ್ತು. ಗರಗಸ, ಅರ, ಕೊನೆಗೆ ಉಪ್ಪುಕಾಗದ. ಮೊದಲನೆಯದು ಸೀಳಿಗೆ ದಪ್ಪವಾಯಿತು. ಎರಡನೆಯದು ಕೂತಿತು: ಆಳ ಐದೇ ಇಂಚು, ಆದರೆ ಹಿಂದಕ್ಕೆ ಉದ್ದ, ಮುಂದಿನ ಅಂಚು ಬುಡದಿಂದಲೇ ಇಳಿಜಾರು.

ಪಂಪು ಪರೀಕ್ಷಿಸುವ ಸಿಮೆಂಟ್ ತೊಟ್ಟಿಯಲ್ಲಿ ಅಡ್ಡಕ್ಕೆ ಒಂದು ಹಗ್ಗ ಕಟ್ಟಿದರು. ಕಂಪನಿಯ ಫಿನ್ನನ್ನು ಕೈಯಲ್ಲಿ ಹಿಡಿದು ನೀರಲ್ಲಿ ತಳ್ಳಿದರು, ಹಗ್ಗಕ್ಕೆ ಸಿಕ್ಕಿ ನಿಂತಿತು. ತಮ್ಮದನ್ನು ತಳ್ಳಿದರು. ಹಗ್ಗ ಅಂಚಿನ ಮೇಲೆ ಜಾರಿ, ಕೆಳಗೆ ತೂರಿ, ಹಿಂದೆ ಬಂದು ಸಡಿಲವಾಯಿತು.

"ಹುಟ್ಟಿದಾಗಿಂದ ನೀರು ಮ್ಯಾಲೆತ್ತೋ ಕೆಲಸ ಮಾಡೀನಿ. ನೀರಿನ ಮ್ಯಾಲೆ ಹೋಗೋ ಸಾಮಾನು ಇದ ಮೊದಲು," ಎಂದು ಮತ್ತೊಮ್ಮೆ ತಳ್ಳಿ ನೋಡಿದರು. ಆಮೇಲೆ ಮತ್ತೊಮ್ಮೆ.

ಅಕ್ಟೋಬರಿನಿಂದ ಜನವರಿಯವರೆಗೆ ನಾನು ಆ ಫಿನ್ನಿನಲ್ಲೇ ಹೋದೆ. ಯಾರ ಬಲೆಯೂ ಹರಿಯಲಿಲ್ಲ. ಮೆಕ್ಕೆಜೋಳ ಮುರಿದು ರಸ್ತೆಗೆ ಹರವುವ ಕಾಲ ಬಂತು, ಹೋಯಿತು. ನೀರು ಹಿಂದೆ ಸರಿದಲ್ಲೆಲ್ಲ ಕಪ್ಪು ಮಣ್ಣು ಕಾಣಿಸಿತು, ಅದು ಬಿರಿಯುವ ಮೊದಲೇ ಜನ ಕಡಲೆ ಬಿತ್ತಿದರು. ಡಿಸೆಂಬರಿನಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಳಿದವು. ದಂಡೆ ಪ್ರತಿ ತಿಂಗಳೂ ಮುಂದಕ್ಕೆ ಹೋಗುತ್ತಿತ್ತು, ಹುಲಿಗೆಮ್ಮನವರ ಗುಡಿಸಲಿನಿಂದ ನೀರಿಗೆ ನಡೆಯುವ ದೂರ ಬೆಳೆಯುತ್ತಿತ್ತು. ಬಾಟಲಿಗಳಿಗೆ ದಂಡೆಯಲ್ಲೇ ರಾಸಾಯನಿಕ ಹಾಕಿ, ಮಧ್ಯಾಹ್ನದವರೆಗೆ ಅವರ ಮರದ ಕೆಳಗೆ ಕೂರುತ್ತಿದ್ದೆ. ಅವರು ಚಹಾ ಕೊಡುತ್ತಿದ್ದರು. ಹನುಮಂತಣ್ಣ ತಿಂಗಳಿಗೊಮ್ಮೆ, "ಕುಡುಗೋಲು ಎಲ್ಲಿ ಬಿಟ್ರಿ ಮೇಡಮ್ಮಾರ, ಸುಗ್ಗಿ ಮುಗೀತೇನು?" ಎಂದು ಕೇಳುತ್ತಿದ್ದರು.

ಅತ್ತಿಗೆ ಮೈದುನರ ನಡುವೆ ಒಂದು ಹಳೆಯ ತಕರಾರಿತ್ತು. ಹನುಮಂತಣ್ಣನ ತೆಪ್ಪದ ಅಂಚು ಒಡೆದು ತಂತಿ ಬಿಗಿದಿದ್ದರು. ಹಿಂದಿನ ವರ್ಷ ಆ ತಂತಿಗೆ ತಮ್ಮ ಬಲೆ ಸಿಕ್ಕಿ ಹರಿದಿತ್ತು, ಅವನು ಒಪ್ಪಿಕೊಳ್ಳಲಿಲ್ಲ ಎಂದು ಹುಲಿಗೆಮ್ಮ ಹೇಳುತ್ತಿದ್ದರು. ಇಬ್ಬರೂ ಅದನ್ನು ಮರೆತಿರಲಿಲ್ಲ. ಇಬ್ಬರೂ ದಿನಾ ಒಂದೇ ಒಲೆಯ ಚಹಾ ಕುಡಿಯುತ್ತಿದ್ದರು.

ಖಾಜಾಸಾಬರ ಫಿನ್ನಿಗೆ ಒಂದು ಕೊರತೆಯಿತ್ತು. ಆಳ ಕಡಿಮೆಯಾದ್ದರಿಂದ ಅಡ್ಡಗಾಳಿಗೆ ಹಲಗೆ ಪಕ್ಕಕ್ಕೆ ಜಾರುತ್ತಿತ್ತು. ಜನವರಿಯಲ್ಲಿ ಗಾಳಿ ಎದ್ದಾಗ ಐದನೆಯ ಬಿಂದುವಿನ ಅಳತೆ ಮೂವತ್ತು ಮೀಟರು ಆಚೆ ಬಿತ್ತು. ಫೋನಿನ ನಕಾಶೆಯಲ್ಲಿ ಅದು ಕಾಣುತ್ತಿತ್ತು. ಗೈಡ್ ಒಂದು ಸಾಲು ಕಳಿಸಿದರು: ಐದು ಕದಲಿದೆ, ಫೆಬ್ರವರಿಯಲ್ಲಿ ಹೀಗಾಗದಿರಲಿ. ನನಗೂ ಅದೇ ಅನ್ನಿಸಿತ್ತು. ಅವರು ಬರೆಯುವ ಮೊದಲೇ ಅನ್ನಿಸಿತ್ತು.

ಫೆಬ್ರವರಿಯ ಮೊದಲ ಐದು ದಿನ ಮೂಡಗಾಳಿ ಬಿಡದೆ ಬೀಸಿತು. ತೆಪ್ಪಗಳು ಮಾತ್ರ ದಂಡೆಯ ಹತ್ತಿರ ಸುಳಿದಾಡಿದವು. ಆರನೆಯ ದಿನ ಸ್ವಲ್ಪ ಇಳಿಯಿತು. ಉಳಿದದ್ದು ಎರಡೇ ಬೆಳಗು, ನನಗೆ ಬೇಕಾದದ್ದೂ ಎರಡೇ. ಹಲಗೆಗೆ ಗಾಳಿ ತುಂಬಿಸಿ, ಖಾಜಾಸಾಬರ ಫಿನ್ನನ್ನು ಚೀಲದಲ್ಲೇ ಬಿಟ್ಟು, ಒಂಬತ್ತು ಇಂಚಿನದನ್ನು ಸೀಳಿನ ಕೊನೆಗೆ ಸರಿಸಿ ಸ್ಕ್ರೂ ಬಿಗಿದೆ. ಹಲಗೆಯ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ. ಐದು ಬಿಂದುಗಳೂ ತಮ್ಮ ತಮ್ಮ ಜಾಗದಲ್ಲೇ ಬಿದ್ದವು. ಅಷ್ಟು ಚೊಕ್ಕವಾದ ಅಳತೆ ಆ ಆರು ತಿಂಗಳಲ್ಲಿ ಮತ್ತೆಂದೂ ಬಂದಿರಲಿಲ್ಲ.

ವಾಪಸು ಬರುವಾಗ ಗಾಳಿ ಮತ್ತೆ ಏರಿತು. ನೀರು ಇಳಿಯುವ ದಿನಗಳಲ್ಲಿ ಬಲೆಗಳನ್ನು ಹಗಲೂ ನೀರಲ್ಲೇ ಬಿಡುತ್ತಾರೆ. ಅದು ನನಗೆ ಗೊತ್ತಿತ್ತು. ಸಣ್ಣ ಅಲೆಗಳ ನಡುವೆ ಚಪ್ಪಲಿಗಳು ಕಾಣಲಿಲ್ಲ. ಹಲಗೆ ನಿಂತಾಗ ಈ ಸಲ ನಾನು ಬೀಳಲಿಲ್ಲ, ಕೂತೆ. ಬಾಲದ ಕಡೆ ತೆವಳಿ ನೋಡಿದರೆ ಬಲೆಯ ಹಗ್ಗ ಫಿನ್ನಿಗೆ ಅಡ್ಡ ಬಿದ್ದಿತ್ತು, ದಾರ ಬುಡಕ್ಕೆ ಸುತ್ತಿತ್ತು. ಗಾಳಿ ಹಲಗೆಯನ್ನು ತಳ್ಳಿದಷ್ಟೂ ಅದು ಬಿಗಿಯಾಗುತ್ತಿತ್ತು. ಸ್ಕ್ರೂ ನೀರಿನ ಕೆಳಗೆ, ಬಲೆಯ ಒಳಗೆ. ಇಳಿದು ಹಿಂದಕ್ಕೆ ತಳ್ಳಿದರೆ ಬಿಡಿಸಬಹುದಿತ್ತೋ ಏನೋ. ನಾನು ಇಳಿಯಲಿಲ್ಲ. ಬಾಟಲಿಗಳಿಗೆ ಹೊತ್ತಾಗುತ್ತಿತ್ತು, ಕೈ ಮರಗಟ್ಟಿತ್ತು, ಹತ್ತಿರ ಯಾವ ತೆಪ್ಪವೂ ಇರಲಿಲ್ಲ. ಈ ಮೂರೂ ನಿಜ. ಜಾಕೆಟ್ಟಿನ ಚಾಕು ತೆಗೆದು ಮೊದಲು ಹಗ್ಗ ಕತ್ತರಿಸಿದೆ, ಆಮೇಲೆ ದಾರ. ಒಟ್ಟು ಹನ್ನೊಂದು ಸಲ. ಹಗ್ಗ ಸಡಿಲಾಗಿ, ನೀಲಿ ಚಪ್ಪಲಿಗಳು ಒಂದರ ಹಿಂದೊಂದು ಜಾಲಿಯ ಕಡೆ ಹೊರಟವು.

ದಂಡೆಯಲ್ಲಿ ಹುಲಿಗೆಮ್ಮ ನನ್ನನ್ನು ನೋಡಿ ಬೈದರು. "ಇಂಥ ಗಾಳ್ಯಾಗ ಯಾವ ದೇವರ ಕೆಲಸ ಇತ್ತು ನಿನಗ? ಹಲ್ಲು ಕಟಕಟ ಅನ್ನಾಕತ್ತಾವು." ತಮ್ಮ ಚಾದರ ಹೊದಿಸಿ ಚಹಾ ಕೊಟ್ಟರು. ಕುಡಿದೆ.

ಮೂರು ಗಂಟೆಯ ಹೊತ್ತಿಗೆ ಅವರು ಬಲೆ ಎತ್ತಲು ಹೋದರು. ನಾನು ಆಗ ಬಾಟಲಿ ತೊಳೆಯುತ್ತಿದ್ದೆ. ತೆಪ್ಪದ ತುಂಬ ಮುದ್ದೆಯಾದ ಬಲೆ ಹೇರಿಕೊಂಡು ಬಂದು, ಅದನ್ನು ಹನುಮಂತಣ್ಣನ ಕಾಲ ಬುಡಕ್ಕೆ ಎಸೆದರು.

"ನೋಡಲೇ ಹನುಮಂತ. ಹೋದ ವರ್ಷ ತಂತಿ ಅಲ್ಲ ಅಂದಿ. ಈ ವರ್ಷ ಏನಂತಿ?"

"ನನ್ನ ಮ್ಯಾಲ ಯಾಕ ಬರ್ತಿ ಅತ್ತಿಗಿ? ನಾ ಆ ಕಡಿ ಹೋಗೇ ಇಲ್ಲ."

"ಇದು ಹರದದ್ದಲ್ಲ, ಕೊಯ್ದದ್ದು. ಹಗ್ಗ ನೋಡು. ಮೀನು ಕೊಯ್ತೈತೇನು? ಜಾಲಿ ಕೊಯ್ತೈತೇನು?"

ಹುಲಿಗೆಮ್ಮನವರ ಗಂಡ ಬಸಪ್ಪ ಮಾತು ಕಡಿಮೆಯ ಮನುಷ್ಯ. ಹಗ್ಗದ ತುದಿಯನ್ನು ಬೆರಳಲ್ಲಿ ಸವರಿ ನೋಡಿ, ತಮ್ಮನಿಗೆ, "ತೆಪ್ಪ ಬೋರ್ಲ ಹಾಕು," ಎಂದರು.

ಹನುಮಂತಣ್ಣ ತುಟಿಯ ಬೀಡಿ ಎಸೆದರು. ಆಮೇಲೆ ತಾವೇ ಹೋಗಿ ತೆಪ್ಪವನ್ನು ಎತ್ತಿ ಮಗುಚಿದರು. "ಹಾಕೀನಿ. ಹಿರೇರ ಮಾತಿಗೆ ಹಾಕೀನಿ. ಆದ್ರ ಸೂಜಿ ಮುಟ್ಟಂಗಿಲ್ಲ. ಮಾಡದ ತಪ್ಪಿಗೆ ನಾ ಹೆಣೆಯಾಂವ ಅಲ್ಲ. ನೀರು ಬತ್ತೋತನಾ ಬೇಕಾದ್ರ ಬಿದ್ದಿರ್ಲಿ."

ನೀರು ಬತ್ತಲು ಹೆಚ್ಚು ದಿನ ಉಳಿದಿರಲಿಲ್ಲ. ಇಳಿಯುವ ನೀರಿನಲ್ಲಿ ಮೀನು ಒತ್ತಾಗಿ ಬರುವುದು ಆ ಎರಡು ಮೂರು ವಾರ ಮಾತ್ರ, ಆಮೇಲೆ ಮುಂದಿನ ಮಳೆಗಾಲವೇ. ಹನುಮಂತಣ್ಣ ಒಮ್ಮೆಲೇ ನನ್ನ ಕಡೆ ತಿರುಗಿದರು. ಆಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ನೀವು ನೀರ ಮ್ಯಾಲೇ ಇದ್ರಲ್ಲ ಮೇಡಮ್ಮ. ಹೇಳ್ರಿ ಇವರಿಗೆ. ನನ್ನ ತೆಪ್ಪ ಆ ಕಡಿ ಬಂದಿತ್ತೇನು?"

"ನಾ ನೋಡಲಿಲ್ಲ ರೀ," ಎಂದೆ.

ನೋಡಿರಲಿಲ್ಲ. ಅದನ್ನು ಯಾವ ನ್ಯಾಯಾಲಯದಲ್ಲಾದರೂ ಹೇಳಬಹುದಿತ್ತು. ಹನುಮಂತಣ್ಣ ನನ್ನನ್ನು ಇನ್ನೂ ಒಂದು ಕ್ಷಣ ನೋಡಿ, ತಮ್ಮ ಮಗುಚಿದ ತೆಪ್ಪದ ಮೇಲೆ ಕೂತು ಬೀಡಿ ಹಚ್ಚಿದರು.

ಎರಡು ದಿನದ ಕೆಲಸವಾದ್ದರಿಂದ ಹಲಗೆಯನ್ನು ಎಂದಿನಂತೆ ಅವರ ಗುಡಿಸಲಿಗೆ ಒರಗಿಸಿ, ಫಿನ್ನುಗಳ ಚೀಲ ಮಾತ್ರ ತೆಗೆದುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಲೆಕ್ಕ ಹಾಕಿದೆ. ನಾಳೆ ಏಳನೆಯ ದಿನ.  ಮೂರು ಬಿಂದು, ಎರಡು ಗಂಟೆಯ ಕೆಲಸ. ಅದು ಮುಗಿದರೆ ಸರಣಿ ಪೂರ್ತಿ. ಹೇಳುವುದಾದರೆ ಅದಾದ ಮೇಲೂ ಹೇಳಬಹುದು, ಆದರೆ ಅಷ್ಟು ಹೊತ್ತಿಗೆ ನಾನು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಬಿಂದುಗಳನ್ನು ಮುಗಿಸಿ ಹಲಗೆ ಮಡಚಿದ ಮೇಲೆ ಆ ದಂಡೆಗೆ ಹೋಗಲು ನನಗೆ ಯಾವ ಕೆಲಸವೂ ಇರುತ್ತಿರಲಿಲ್ಲ.

ಖಾಜಾಸಾಬರು ಅಂಗಡಿ ಮುಚ್ಚಲು ಸಾಮಾನು ಒಳಗಿಡುತ್ತಿದ್ದರು. ಚೀಲ ನೋಡಿ, "ನಮ್ಮ ಸಾಮಾನು ಹ್ಯಾಂಗ ನಡದೈತಿ?" ಎಂದು ಕೈ ಚಾಚಿದರು. ಕೊಟ್ಟೆ. ಅವರು ಮಾಡಿಕೊಟ್ಟದ್ದು ಒಣಗಿಯೇ ಇತ್ತು. ಅದನ್ನು ಬೆರಳಲ್ಲಿ ಮುಟ್ಟಿ ಪಕ್ಕಕ್ಕಿಟ್ಟು, ಕಪ್ಪನೆಯದನ್ನು ಬಲ್ಬಿನ ಕೆಳಗೆ ತಿರುಗಿಸಿದರು.

"ಬುಡದಾಗ ದಾರ ಐತಿ ಬೇಟಿ. ಹಸುರುದು. ತೆಗೀಲೇನು, ಇಕ್ಕಳ ಐತಿ."

"ಬ್ಯಾಡ್ರಿ. ಇರ್ಲಿ."

ಅವರು ಕನ್ನಡಕದ ಮೇಲಿಂದ ನೋಡಿದರು. ಎರಡನ್ನೂ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ನನ್ನ ಕೈಗಿಟ್ಟರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಗಾಳಿ ಪೂರ್ತಿ ನಿಂತಿತ್ತು. ನೀರು ಅಲುಗುತ್ತಿರಲಿಲ್ಲ, ಹೆಬ್ಬಾತುಗಳ ನೆರಳು ಕೂಡ ಮುರಿಯದೆ ಬಿದ್ದಿತ್ತು. ಯಾವ ಫಿನ್ ಹಾಕಿದರೂ, ಹಾಕದಿದ್ದರೂ, ಮೂರೂ ಬಿಂದು ತಪ್ಪುತ್ತಿರಲಿಲ್ಲ. ದಂಡೆಯಲ್ಲಿ ಹನುಮಂತಣ್ಣನ ತೆಪ್ಪ ಬೋರಲು ಬಿದ್ದಿತ್ತು. ಗುಡಿಸಲಿಗೆ ಒರಗಿದ್ದ ಹಲಗೆಯನ್ನು ತಂದು, ಒಂಬತ್ತು ಇಂಚಿನ ಫಿನ್ನನ್ನು ಸೀಳಿಗೆ ಕೂರಿಸಿ ಸ್ಕ್ರೂ ಬಿಗಿದು, ಆ ತೆಪ್ಪದ ಪಕ್ಕದಲ್ಲಿ ಹಲಗೆಯನ್ನು ಬೋರಲು ಹಾಕಿದೆ.

ಸೂಜಿ, ದಾರದ ಉಂಡೆ ಮರದ ಕೊಂಬೆಯ ಚೀಲದಲ್ಲಿದ್ದವು. ಬಲೆಯನ್ನು ಹರವಿ ತುದಿ ಹುಡುಕುತ್ತಿದ್ದಾಗ ಹನುಮಂತಣ್ಣ ಬಂದರು. ಹಲಗೆ ನೋಡಿದರು, ಫಿನ್ ನೋಡಿದರು. ಬಗ್ಗಿ ತಮ್ಮ ತೆಪ್ಪವನ್ನು ಎತ್ತಿ, ನೇರ ಮಾಡಿ, ಉರುಳಿಸಿಕೊಂಡು ನೀರಿನ ಕಡೆ ಹೋದರು. ಕುಡುಗೋಲಿನ ಮಾತು ಆ ದಿನ ಬರಲಿಲ್ಲ.

ಹುಲಿಗೆಮ್ಮ ಚಹಾ ತಂದರು. ಗಂಡನಿಗೆ ಕೊಟ್ಟರು. ಮೈದುನನನ್ನು ಕೂಗಿ ಕರೆದು, ನೀರಿನ ತನಕ ನಡೆದುಹೋಗಿ ಅವರಿಗೂ ಕೊಟ್ಟರು. ಖಾಲಿ ಲೋಟ ಹಿಡಿದು ನನ್ನ ಎದುರು ಬಂದು ನಿಂತರು.

"ಎಷ್ಟು ಸಲ ಕೊಯ್ದಿ?"

"ಹನ್ನೊಂದು."

ಅವರು ಅಲ್ಲಿಂದ ಕದಲಲಿಲ್ಲ. ನಾನು ಸೂಜಿಗೆ ದಾರ ಸುತ್ತಿಕೊಂಡೆ. ಕತ್ತರಿಸಿದ ಹಗ್ಗದ ಎರಡು ತುದಿಗಳನ್ನು ಮೊದಲು ಕೂಡಿಸಿ ಕಟ್ಟಿ, ಅದರ ಕೆಳಗಿನ ಮೊದಲ ಕಣ್ಣಿಗೆ ಎರಡು ಬೆರಳು ಅಳೆದು, ಹೆಬ್ಬೆರಳಲ್ಲಿ ಒತ್ತಿಹಿಡಿದು ಗಂಟು ಹಾಕಿದೆ. ಅವರು ಮಾಡುತ್ತಿದ್ದಂತೆ ಒಂದು ಬೆರಳಲ್ಲಿ ಜಾರಿಸಿ ನೋಡಿದೆ. ಜಾರಲಿಲ್ಲ. ಎರಡನೆಯದಕ್ಕೆ ಬೆರಳು ಇಟ್ಟೆ.